ಕಾಲೇಜು ಕಟ್ಟಡಗಳ ಪಡಸಾಲೆ

ಕಾಲೇಜು ಎಂದೊಡನೆ ನಮ್ಮ ಮನಸ್ಸಿಗೆ ಬರುವುದು ಕೊಠಡಿ, ಕರಿಹಲಗೆ, ಬೆಂಚು, ಗ್ರಂಥಭಂಡಾರ ಇವೇ. ಕಟ್ಟಡಗಳ ಚರಿತ್ರೆಯನ್ನು ಬರೆಯುವವರೂ ಗೋಪುರ, ಗಡಿಯಾರ, ಕಮಾನು, ಗುಮ್ಮಟಗಳನ್ನು ಬಣ್ಣಿಸಿ ಸುಮ್ಮನಾಗುವುದುಂಟು. ಆದರೆ ಬಿಸಿಲಿಗೂ ಕೊಠಡಿಗೂ ನಡುವೆ, ಕಂಬಗಳ ಸಾಲನ್ನು ಮುಂದಿಟ್ಟುಕೊಂಡು ಉದ್ದಕ್ಕೂ ಚಾಚಿಕೊಂಡಿರುವ ಇನ್ನೊಂದು ಭಾಗವಿದೆ. ಆಡುಮಾತಿನಲ್ಲಿ ನಾವು ಅದನ್ನು ವರಾಂಡ ಎನ್ನುತ್ತೇವೆ. ಇಂಗ್ಲಿಷರು ತಮ್ಮ ನಾಡಿನಿಂದ ತಂದ ಮಾತಲ್ಲ ಅದು. ಇಲ್ಲಿಗೆ ಬಂದ ಮೇಲೆ ಇಲ್ಲಿಯೇ ಕಲಿತು ತಮ್ಮ ಭಾಷೆಗೆ ಸೇರಿಸಿಕೊಂಡದ್ದು. ಈ ಲೇಖನದಲ್ಲಿ ಅದನ್ನು ಪಡಸಾಲೆ ಎಂದೇ ಕರೆಯುತ್ತೇನೆ. ಅದು ಎಲ್ಲಿಂದ ಬಂತು, ಏನು ಕೆಲಸ ಮಾಡುತ್ತದೆ, ಯಾರಿಗೆ ಸೇರಿದ್ದು ಎಂಬುದನ್ನು ನನಗೆ ತಿಳಿದಷ್ಟು ಮಟ್ಟಿಗೆ ವಾಚಕರ ಮುಂದೆ ಇಡಬೇಕೆಂದಿದ್ದೇನೆ. ಈಗಲೇ ಇದನ್ನು ಬರೆಯಲು ಒಂದು ಕಾರಣವೂ ಉಂಟು. ನಮ್ಮ ಕಾಲೇಜಿನ ಹಳೆಯ ಕಟ್ಟಡದ ಪಡಸಾಲೆಗೆ ಗೋಡೆ ಎಬ್ಬಿಸಿ ನಾಲ್ಕು ಕೊಠಡಿಗಳನ್ನು ಮಾಡಿಕೊಳ್ಳಬೇಕೆಂಬ ಮಾತು ಈ ವರ್ಷ ಕೇಳಿಬಂದಿದೆ.

ನಾನು ಇತಿಹಾಸದ ವಿದ್ಯಾರ್ಥಿನಿ. ವಾಸ್ತುಶಿಲ್ಪವನ್ನು ಶಾಸ್ತ್ರವಾಗಿ ಓದಿದವಳಲ್ಲ. ಆದರೆ ನಮ್ಮ ತಂದೆ ಗಾರೆ ಕೆಲಸದವರು, ಅಜ್ಜನೂ ಅದೇ ಕೆಲಸದವನು. ಮನೆಯಲ್ಲಿ ಪುಸ್ತಕಗಳಿಗಿಂತ ಮೊದಲು ನಾನು ಕಂಡದ್ದು ಕರಣೆ, ತೂಗುಗುಂಡು, ಮಟ್ಟಗೋಲುಗಳನ್ನು. ಕಾಲೇಜಿನ ಮೆಟ್ಟಿಲು ಹತ್ತಿದವರಲ್ಲಿ ನಮ್ಮ ವಂಶಕ್ಕೆಲ್ಲ ನಾನೇ ಮೊದಲನೆಯವಳು. ಆದ್ದರಿಂದ ಇಲ್ಲಿ ಬರುವ ಸಂಗತಿಗಳಲ್ಲಿ ಒಂದಷ್ಟು ನಮ್ಮ ಅಧ್ಯಾಪಕರು ಹೇಳಿಕೊಟ್ಟದ್ದು, ಒಂದಷ್ಟು ಗ್ರಂಥಭಂಡಾರದಲ್ಲಿ ದೊರೆತದ್ದು, ಉಳಿದದ್ದು ಅಪ್ಪ ಹೇಳಿದ್ದು.

ನಮ್ಮ ನಾಡಿನಲ್ಲಿ ವಿದ್ಯೆಗೆಂದು ಕಟ್ಟಡ ಕಟ್ಟುವ ಪದ್ಧತಿ ಹೊಸದೇನೂ ಅಲ್ಲ. ಬಿಜಾಪುರದ ಸೀಮೆಯ ಸಾಲೋಟಗಿಯಲ್ಲಿ ರಾಷ್ಟ್ರಕೂಟ ಮೂರನೆಯ ಕೃಷ್ಣನ ಕಾಲದಲ್ಲಿ, ಕ್ರಿ.ಶ. 945ರಲ್ಲಿ, ಅವನ ಮಂತ್ರಿ ನಾರಾಯಣನು ಒಂದು ಶಾಲೆಯನ್ನು ಕಟ್ಟಿಸಿದನು. ನಾನಾ ಜನಪದಗಳಿಂದ ವಿದ್ಯಾರ್ಥಿಗಳು ಅಲ್ಲಿಗೆ ಬರುತ್ತಿದ್ದರು. ಅವರ ವಾಸಕ್ಕೆ 27 ಮನೆಗಳಿದ್ದುವು. ದೀಪದ ಖರ್ಚಿಗೆಂದೇ ಭೂಮಿಯನ್ನು ಬಿಟ್ಟಿದ್ದರು. ಕಲಬುರಗಿ ಜಿಲ್ಲೆಯ ನಾಗಾವಿಯ 1058ರ ಶಾಸನವು ಇನ್ನೂ ವಿವರವಾದದ್ದು. ವೇದ ಓದುವವರು 200 ಮಂದಿ, ಶಾಸ್ತ್ರ ಓದುವವರು 50 ಮಂದಿ, ಪುಸ್ತಕ ಕಾಯುವ ಸರಸ್ವತೀ ಭಂಡಾರಿಗಳು ಆರು ಮಂದಿ. ಇನ್ನೂರೈವತ್ತು ವಿದ್ಯಾರ್ಥಿಗಳಿಗೆ ಆರು ಜನ ಗ್ರಂಥಪಾಲಕರು! ಇಂದಿನ ನಮ್ಮ ಸ್ಥಿತಿಯನ್ನು ಇದರೊಡನೆ ಹೋಲಿಸುವ ಸಾಹಸಕ್ಕೆ ನಾನು ಹೋಗುವುದಿಲ್ಲ.

ಸಾಮಾನ್ಯ ಜನರ ವಿದ್ಯೆಗೆ ಮಾತ್ರ ಇಂತಹ ಶಾಲೆ ಇರಲಿಲ್ಲ; ಇದ್ದದ್ದು ಕೂಲಿಮಠ. ಅದು ನಡೆಯುತ್ತಿದ್ದುದು ಗುಡಿಯ ಅಂಗಳದಲ್ಲಿ, ಇಲ್ಲವೆ ಊರಿನ ಅನುಕೂಲಸ್ಥರ ಮನೆಯ ಜಗಲಿಯ ಮೇಲೆ. ಮಕ್ಕಳು ಮರಳಿನ ಮೇಲೆ ಬೆರಳಿನಿಂದ ಅಕ್ಷರ ತಿದ್ದುತ್ತಿದ್ದರು. ಗಾಳಿ ಬೆಳಕು ಬೇಕಾದಷ್ಟು, ತಲೆಯ ಮೇಲೆ ನೆರಳು, ಬಾಡಿಗೆಯಿಲ್ಲ. ಹೀಗೆ ನೋಡಿದರೆ ನಮ್ಮಲ್ಲಿ ಕೊಠಡಿಗೆ ಪಡಸಾಲೆ ಬಂದು ಸೇರಿದ್ದಲ್ಲ. ಮೊದಲು ಪಾಠ ನಡೆದದ್ದೇ ಜಗಲಿಯಲ್ಲಿ, ಆಮೇಲೆ ಅದರ ಹಿಂದೆ ಕೊಠಡಿಗಳು ಹುಟ್ಟಿಕೊಂಡುವು.

ಇಂದಿನ ರೀತಿಯ ಕಾಲೇಜು ಕಟ್ಟಡಗಳು ನಮಗೆ ಬಂದದ್ದು 19ನೆಯ ಶತಮಾನದಲ್ಲಿ. ಮೈಸೂರಿನ ಮಹಾರಾಜಾ ಕಾಲೇಜಿನ ಮೂಲವು ಮುಮ್ಮಡಿ ಕೃಷ್ಣರಾಜ ಒಡೆಯರು 1833ರಲ್ಲಿ ಸ್ಥಾಪಿಸಿದ ರಾಜಾ ಸ್ಕೂಲು. ಈಗ ಕಾಣುವ ಕಟ್ಟಡಕ್ಕೆ ಶಂಕುಸ್ಥಾಪನೆಯಾದದ್ದು 1889ರಲ್ಲಿ, ಇಂಗ್ಲೆಂಡಿನ ರಾಜಕುಮಾರ ಆಲ್ಬರ್ಟ್ ವಿಕ್ಟರನ ಕೈಯಿಂದ. ಬಿ.ಎ. ತರಗತಿಗಳು ಪ್ರಾರಂಭವಾದದ್ದು 1894ರಲ್ಲಿ. 1916ರಲ್ಲಿ ಮೈಸೂರು ವಿಶ್ವವಿದ್ಯಾನಿಲಯ ಹುಟ್ಟುವವರೆಗೆ ಇಲ್ಲಿಯ ವಿದ್ಯಾರ್ಥಿಗಳು ಮದರಾಸಿನ ಪರೀಕ್ಷೆಗಳಿಗೇ ಕೂರಬೇಕಾಗಿತ್ತು. ಬೆಂಗಳೂರಿನ ಸೆಂಟ್ರಲ್ ಕಾಲೇಜಿನ ಕಥೆಯೂ ಹೀಗೆಯೇ: 1858ರಲ್ಲಿ ಹೈಸ್ಕೂಲು, 1875ರಿಂದ ಸೆಂಟ್ರಲ್ ಕಾಲೇಜು. ಆದರೆ ರೂಪದಲ್ಲಿ ಎರಡಕ್ಕೂ ಬಹಳ ವ್ಯತ್ಯಾಸ. ಸೆಂಟ್ರಲ್ ಕಾಲೇಜಿನದು ಗಾಥಿಕ್ ಶೈಲಿ: ಚೂಪು ಕಮಾನು, ಗಡಿಯಾರದ ಗೋಪುರ. ನೋಡಿದರೆ ಇಂಗ್ಲೆಂಡಿನ ಇಗರ್ಜಿಯ ನೆನಪಾಗುತ್ತದೆ. ಆಕ್ಸ್‌ಫರ್ಡಿನ ಕಾಲೇಜುಗಳು ಕ್ರೈಸ್ತ ಸನ್ಯಾಸಿಗಳ ಮಠದ ಮಾದರಿಯಲ್ಲಿ, ನಡುವೆ ಚೌಕದ ಅಂಗಳ ಬಿಟ್ಟು ಬೆಳೆದವು. ಆ ಮಠಗಳಲ್ಲಿ ಅಂಗಳದ ಸುತ್ತ ಮಾಡಿನ ಕೆಳಗೆ ನಡೆದಾಡುವ ದಾರಿ ಇರುತ್ತಿತ್ತು. ಅದು ಮಳೆಗೂ ಹಿಮಕ್ಕೂ ಮಾಡಿಕೊಂಡ ಏರ್ಪಾಡು. ನಮಗೆ ಬೇಕಾದದ್ದು ಬಿಸಿಲಿಗೆ ಏರ್ಪಾಡು. ಶೈಲಿ ಯಾವುದಾದರೂ ಆಗಲಿ, ಇಲ್ಲಿ ಕಟ್ಟಿದ ಇಂಜಿನಿಯರುಗಳಿಗೆ ಒಂದೆರಡು ಬೇಸಗೆಗಳಲ್ಲೇ ಈ ಪಾಠ ಆಗಿರಬೇಕು. ಹಳೆಯ ಸರ್ಕಾರಿ ಕಟ್ಟಡಗಳನ್ನು ನೋಡಿದರೆ ಮುಖ ರೋಮಿನದೋ ಇಂಗ್ಲೆಂಡಿನದೋ ಆಗಿದ್ದರೂ ಪಡಸಾಲೆ ನಮ್ಮದೇ ಆಗಿರುವುದು ಕಾಣುತ್ತದೆ.

ಕಳೆದ ವರ್ಷ ನಮ್ಮ ಇತಿಹಾಸ ವಿಭಾಗದ ಅಧ್ಯಾಪಕರು ನಮ್ಮನ್ನು ಮೈಸೂರಿಗೂ ಬೆಂಗಳೂರಿಗೂ ಅಧ್ಯಯನ ಪ್ರವಾಸ ಕರೆದುಕೊಂಡು ಹೋಗಿದ್ದರು. ಮಹಾರಾಜಾ ಕಾಲೇಜಿನಲ್ಲಿ ಗೆಳತಿಯರೆಲ್ಲ ಹಿರಿಯಣ್ಣನವರು, ಬಿ.ಎಂ.ಶ್ರೀಯವರು, ರಾಧಾಕೃಷ್ಣನ್‌ರವರು ಪಾಠ ಹೇಳಿದ ಕೊಠಡಿಗಳು ಯಾವುವು ಎಂದು ವಿಚಾರಿಸುತ್ತಿದ್ದರು. 1921ರಲ್ಲಿ ರಾಧಾಕೃಷ್ಣನ್‌ರವರು ಕಲ್ಕತ್ತೆಗೆ ಹೊರಟಾಗ ವಿದ್ಯಾರ್ಥಿಗಳು ಕುದುರೆಗಳನ್ನು ಬಿಚ್ಚಿ ತಾವೇ ಗಾಡಿಯನ್ನು ರೈಲ್ವೆ ನಿಲ್ದಾಣದವರೆಗೆ ಎಳೆದುಕೊಂಡು ಹೋದ ಕಥೆಯನ್ನು ಅಲ್ಲಿ ಯಾರು ಹೇಳದೆ ಇರುತ್ತಾರೆ? ನಾನು ಮಾತ್ರ ಗೋಡೆಗೆ ಕೈಯಿಟ್ಟು ನೋಡುತ್ತಿದ್ದೆ. ಹೊರಗೆ ಮಧ್ಯಾಹ್ನದ ಬಿಸಿಲು, ಗೋಡೆ ತಣ್ಣಗಿತ್ತು.

ಊರಿಗೆ ಬಂದು ಇದರ ಕಾರಣವನ್ನು ಅಪ್ಪನನ್ನು ಕೇಳಿದೆ. ಅವನಿಗೆ ಸುಣ್ಣದ ಗಾರೆಯ ಕೆಲಸ ಅಜ್ಜನ ಕೈಕೆಳಗೆ ಬಂದದ್ದು. ಅಂಥ ಕೆಲಸ ಬಲ್ಲವರು ನಮ್ಮ ಹೋಬಳಿಯಲ್ಲಿ ಈಗ ಬೆರಳೆಣಿಕೆಯಷ್ಟು ಮಂದಿ. ಅವನು ಹೇಳಿದ ಕ್ರಮವನ್ನು ಇಲ್ಲಿ ಬರೆದಿಡುತ್ತೇನೆ, ಏಕೆಂದರೆ ಇದು ಯಾವ ಪಠ್ಯಪುಸ್ತಕದಲ್ಲೂ ನನಗೆ ಈ ರೀತಿ ಸಿಕ್ಕಲಿಲ್ಲ. ಸುಟ್ಟ ಸುಣ್ಣದ ಕಲ್ಲನ್ನು ಗುಂಡಿಯಲ್ಲಿ ನೀರು ಬಿಟ್ಟು ಅರಳಿಸಿ, ವಾರಗಟ್ಟಲೆ ಹಾಗೆಯೇ ಬಿಡಬೇಕು. ಆಮೇಲೆ ಮರಳನ್ನೂ, ಚೆನ್ನಾಗಿ ಬೆಂದ ಇಟ್ಟಿಗೆಯ ಪುಡಿಯನ್ನೂ ಸೇರಿಸಿ ಗಾಣಕ್ಕೆ ಹಾಕಬೇಕು. ಎಣ್ಣೆಯ ಗಾಣದಂತೆಯೇ ಇದಕ್ಕೂ ಎತ್ತು ಕಟ್ಟುತ್ತಿದ್ದರು. ವೃತ್ತಾಕಾರದ ಕಾಲುವೆಯಲ್ಲಿ ಕಲ್ಲಿನ ಚಕ್ರ ಉರುಳುತ್ತಿತ್ತು. ಬೆಲ್ಲದ ನೀರು, ಅಳಲೆಕಾಯಿ ನೆನೆಸಿದ ನೀರು ಬೆರೆಸಿ, ಬೆಣ್ಣೆಯ ಹದ ಬರುವವರೆಗೆ ಅರೆಯಬೇಕು. ಸಿಮೆಂಟು ನೀರು ಕುಡಿದು ಗಂಟೆಗಳಲ್ಲಿ ಬಿಗಿದುಕೊಳ್ಳುತ್ತದೆ. ಸುಣ್ಣವು ಗಾಳಿಯಲ್ಲಿರುವ ಇಂಗಾಲಾಮ್ಲವನ್ನು ಹೀರಿಕೊಂಡು ಮೆಲ್ಲಮೆಲ್ಲನೆ ತಿರುಗಿ ಕಲ್ಲಾಗುತ್ತದೆ. ದಪ್ಪ ಗೋಡೆಯಾದರೆ ಇದಕ್ಕೆ ವರ್ಷಗಳೇ ಹಿಡಿಯುತ್ತವೆ.

ಮೇಲ್ಛಾವಣಿಯದು ಇನ್ನೂ ಚಂದದ ಕೆಲಸ. ಮದರಾಸ್ ತಾರಸಿ ಎಂದು ಇದರ ಹೆಸರು. ತೇಗದ ತೊಲೆಗಳನ್ನು ಹತ್ತಿರ ಹತ್ತಿರ ಜೋಡಿಸಿ, ಅವುಗಳ ಮೇಲೆ ತೆಳು ಇಟ್ಟಿಗೆಗಳನ್ನು ಅಂಚಿನ ಮೇಲೆ ನಿಲ್ಲಿಸಿ, ಓರೆಯಾಗಿ ಸುಣ್ಣದ ಗಾರೆಯಲ್ಲಿ ಕೂಡಿಸುತ್ತಾರೆ. ಅದರ ಮೇಲೆ ಇಟ್ಟಿಗೆ ಚೂರು, ಸುಣ್ಣಗಳ ದಪ್ಪ ಪದರ. ಈ ಪದರವನ್ನು ಹೆಂಗಸರು ಸಾಲಾಗಿ ಕುಳಿತು, ಮರದ ಬಡಿಗೆಗಳಿಂದ ದಿನಗಟ್ಟಲೆ ಬಡಿದು ಗಟ್ಟಿ ಮಾಡುತ್ತಿದ್ದರು. ಬಡಿತದ ತಾಳಕ್ಕೆ ಸರಿಯಾಗಿ ಹಾಡುತ್ತಿದ್ದರು ಎಂದು ಅಪ್ಪ ಹೇಳುತ್ತಾನೆ. ನಮ್ಮ ಅಜ್ಜಿಯೂ ಹಾಗೆ ಬಡಿದವಳೇ. ಇಂಥ ಗೋಡೆ, ಇಂಥ ತಾರಸಿಗಳ ನಡುವೆ ಹೊತ್ತೇರಿದ ಮೇಲಿನ ಬಿಸಿ ಒಳಗೆ ಬರುವಷ್ಟರಲ್ಲಿ ಸಂಜೆಯಾಗಿರುತ್ತದೆ, ತರಗತಿಗಳೂ ಮುಗಿದಿರುತ್ತವೆ. ಗೋಡೆಗೆ ನೇರವಾಗಿ ಬಿಸಿಲು ಬೀಳದಂತೆ ಮುಂದೆ ನಿಂತು ತಡೆಯುವುದೇ ಪಡಸಾಲೆಯ ಮೊದಲನೆಯ ಕೆಲಸ. ಮಳೆಯ ಎರಚಲು ಗೋಡೆಯ ಬುಡಕ್ಕೆ ಹೊಡೆಯದಂತೆ ಕಾಯುವುದು ಎರಡನೆಯದು.

ಬಿಸಿಲಿನ ಸಂಗತಿಯನ್ನು ಲೆಕ್ಕ ಹಾಕಿ ನೋಡಬಹುದೆಂದು ನಮ್ಮ ಭೂಗೋಳದ ಅಧ್ಯಾಪಕರು ಹೇಳಿದರು, ಹಾಕಿ ನೋಡಿದೆವು. ನಮ್ಮ ಹಳೆಯ ಕಟ್ಟಡದ ಪಡಸಾಲೆ ದಕ್ಷಿಣಕ್ಕೆ ಮುಖ ಮಾಡಿದೆ. ಅಗಲ 9 ಅಡಿ, ಉದ್ದ 96 ಅಡಿ. ನೆಲದಿಂದ ಕಮಾನಿನ ತುದಿಗೆ 10 ಅಡಿ. ನಮ್ಮ ಊರು ಹೆಚ್ಚುಕಡಿಮೆ ಮೈಸೂರಿನ ಅಕ್ಷಾಂಶದಲ್ಲೇ ಇದೆ, ಅಂದರೆ ಉತ್ತರಕ್ಕೆ 12 ಡಿಗ್ರಿಗಿಂತ ಸ್ವಲ್ಪ ಹೆಚ್ಚು. ಡಿಸೆಂಬರಿನಲ್ಲಿ ಸೂರ್ಯನು ಅತ್ಯಂತ ದಕ್ಷಿಣಕ್ಕೆ ಹೋದ ದಿನ, ನಡುಹಗಲಿನಲ್ಲಿ, ಅವನು ದಿಗಂತದಿಂದ ಸುಮಾರು 54 ಡಿಗ್ರಿ ಎತ್ತರದಲ್ಲಿರುತ್ತಾನೆ. ಆಗ 10 ಅಡಿ ಎತ್ತರದ ಕಮಾನಿನ ಕೆಳಗಿನಿಂದ ಬಿಸಿಲು ಒಳಕ್ಕೆ ಬರುವುದು ಏಳೂಕಾಲು ಅಡಿ. ಪಡಸಾಲೆ 9 ಅಡಿ. ವರ್ಷದ ಯಾವ ನಡುಹಗಲಿನಲ್ಲೂ ಬಿಸಿಲು ತರಗತಿಯ ಗೋಡೆಯನ್ನು ಮುಟ್ಟಲಾರದು! ಮಾರ್ಚಿ 21ರ ಸುಮಾರಿಗೆ ಒಳಗೆ ಬೀಳುವ ಬಿಸಿಲು ಎರಡು ಅಡಿಗೆ ಇಳಿಯುತ್ತದೆ. ಏಪ್ರಿಲ್ ತಿಂಗಳ ಕೊನೆಯ ಭಾಗದಲ್ಲಿ ಸೂರ್ಯ ನಡುನೆತ್ತಿಗೆ ಬಂದು ಆಮೇಲೆ ಉತ್ತರಕ್ಕೆ ಸರಿಯುವುದರಿಂದ, ಆಗಸ್ಟಿನ ಮೂರನೆಯ ವಾರದವರೆಗೆ ಅಲ್ಲಿ ನಡುಹಗಲಿನ ಬಿಸಿಲೇ ಇಲ್ಲ. ಚಳಿಗಾಲದ ಬೆಳಿಗ್ಗೆ ಮಾತ್ರ ಓರೆಯಾದ ಎಳೆಬಿಸಿಲು ಗೋಡೆಯವರೆಗೂ ಬರುತ್ತದೆ; ಮೊದಲ ಬಸ್ಸಿಗೆ ಬಂದು ನಡುಗುತ್ತ ಕೂರುವ ನಮಗೆ ಅದು ಬೇಕಾದದ್ದೇ. ಒಂದಡಿ ಕಡಿಮೆ ಮಾಡಬಹುದಾಗಿತ್ತು, ಇಟ್ಟಿಗೆ ಉಳಿಯುತ್ತಿತ್ತು. ಆದರೆ ಕಟ್ಟಿದವರು ಹಾಗೆ ಮಾಡಲಿಲ್ಲ. ಬಾಗಿಲಿನ ಮೇಲಿನ ಕಲ್ಲಿನಲ್ಲಿ ಶಂಕುಸ್ಥಾಪನೆ ಮಾಡಿದ ಅಧಿಕಾರಿಯ ಹೆಸರಿದೆ. ಈ 9 ಅಡಿಯ ಅಳತೆಯನ್ನು ಹಿಡಿದ ಮೇಸ್ತ್ರಿಯ ಹೆಸರು ಎಲ್ಲಿಯೂ ಇಲ್ಲ.

ಪಡಸಾಲೆಯನ್ನು ಇಷ್ಟು ಹೊಗಳಿದ ಮೇಲೆ ಅದರ ಇನ್ನೊಂದು ಮುಖವನ್ನೂ ಹೇಳದಿದ್ದರೆ ಸರಿಯಾಗಲಾರದು. ನಮ್ಮ ಹಳ್ಳಿಯಲ್ಲಿ ಒಂದು ದೊಡ್ಡ ಮನೆಯಿದೆ. ಅದರ ಜಗಲಿಯನ್ನು ಕಟ್ಟಿದವನು ನಮ್ಮ ಅಜ್ಜ. ಮುಗಿಯುವವರೆಗೆ ಅದರ ಮೇಲೆ ನಿಂತು ಕೆಲಸ ಮಾಡಿದ. ಮುಗಿದ ದಿನ ಕೆಳಗೆ ನಿಂತು ಕೂಲಿ ತೆಗೆದುಕೊಂಡ. ಆಮೇಲೆ ಅದರ ಮೇಲೆ ಕೂರುವಂತಿರಲಿಲ್ಲ. ಜಗಲಿಯೆಂಬುದು ಯಾರು ಎಲ್ಲಿಯವರೆಗೆ ಬರಬಹುದು ಎಂಬುದಕ್ಕೆ ಎಳೆದ ಗೆರೆಯೂ ಹೌದು. ಶಾಲೆಗಳಲ್ಲಿಯೂ ಈ ಗೆರೆ ಇತ್ತು. ಮೈಸೂರು ಸಂಸ್ಥಾನದಲ್ಲಿ ಪಂಚಮರೆಂದು ಕರೆದವರ ಮಕ್ಕಳಿಗೆ ಬೇರೆಯೇ ಶಾಲೆಗಳಿದ್ದುವು. ಸಿ. ಆರ್. ರೆಡ್ಡಿಯವರು ವಿದ್ಯಾ ಇಲಾಖೆಯ ಮುಖ್ಯಸ್ಥರಾಗಿದ್ದ ಕಾಲದಲ್ಲಿ, 1910ರ ದಶಕದ ಕೊನೆಗೆ, ಸಾಮಾನ್ಯ ಶಾಲೆಗಳ ಬಾಗಿಲು ಅವರಿಗೂ ತೆರೆಯಿತು. ಹಿಂದುಳಿದವರಿಗೆ ಸರ್ಕಾರಿ ಕೆಲಸಗಳಲ್ಲಿ ಪಾಲು ದೊರಕಿಸುವ ವಿಚಾರಕ್ಕೆ ಮಿಲ್ಲರ್ ಸಮಿತಿ ನೇಮಕವಾದದ್ದೂ 1918ರಲ್ಲಿಯೇ. ಆಜ್ಞೆ ಹೊರಟ ಮಾತ್ರಕ್ಕೆ ಎಲ್ಲ ಕೊಠಡಿಗಳ ಬಾಗಿಲೂ ತೆರೆದವೆಂದಲ್ಲ. ದೇಶದ ಎಷ್ಟೋ ಶಾಲೆಗಳಲ್ಲಿ ಇಂಥ ಮಕ್ಕಳು ಒಳಗಿನ ಪಾಠವನ್ನು ಪಡಸಾಲೆಯಲ್ಲಿ ಕುಳಿತೇ ಕೇಳಬೇಕಾಗಿತ್ತು. ಹಾಗಾಗಿ ಪಡಸಾಲೆಯೆಂದರೆ ಎಲ್ಲರಿಗೂ ಸಿಹಿಯಾದ ನೆನಪೇ ಎಂದು ನಾನು ಹೇಳಲಾರೆ. ಆದರೆ ಅದೇ ಪಡಸಾಲೆ ಸರ್ಕಾರಿ ಕಾಲೇಜಿನಲ್ಲಿ ಬೇರೆ ಅರ್ಥ ಪಡೆದಿದೆ. ಇಲ್ಲಿ ಅದು ಯಾರ ಮನೆಯ ಮುಂಭಾಗವೂ ಅಲ್ಲ. ಕೊಠಡಿ ಅಧ್ಯಾಪಕರದು, ಕಚೇರಿ ಗುಮಾಸ್ತರದು, ಗ್ರಂಥಭಂಡಾರ ಗ್ರಂಥಪಾಲಕರದು. ಪಡಸಾಲೆಯಲ್ಲಿ ಕೂರುವುದಕ್ಕೆ ಯಾರ ಅಪ್ಪಣೆಯೂ ಬೇಡ.

ಕಾಲೇಜಿಗೆಂದು ಕಟ್ಟದೆ ಕಾಲೇಜಾದ ಕಟ್ಟಡಗಳೂ ನಮ್ಮಲ್ಲಿವೆ. ಧಾರವಾಡದ ಕರ್ನಾಟಕ ಕಾಲೇಜು 1917ರಲ್ಲಿ ಸ್ಥಾಪನೆಯಾಯಿತು. ಅದರ ಭವ್ಯವಾದ ಕಟ್ಟಡ ಮೂಲತಃ ಸದರ್ನ್ ಮರಾಠಾ ರೈಲ್ವೆಯ ಮುಖ್ಯ ಕಚೇರಿ. 1908ರಲ್ಲಿ ಆ ರೈಲ್ವೆ ಮದರಾಸ್ ರೈಲ್ವೆಯೊಡನೆ ಸೇರಿಹೋದ ಮೇಲೆ ಕಚೇರಿ ಮದರಾಸಿಗೆ ಹೋಯಿತು, ಕಟ್ಟಡ ಉಳಿಯಿತು. ಮೈಸೂರಿನ ಜಯಲಕ್ಷ್ಮೀವಿಲಾಸವು 1905ರಲ್ಲಿ ಚಾಮರಾಜ ಒಡೆಯರ ಹಿರಿಯ ಮಗಳಿಗಾಗಿ ಕಟ್ಟಿದ ಅರಮನೆ. 1959ರಲ್ಲಿ ವಿಶ್ವವಿದ್ಯಾನಿಲಯ ಅದನ್ನು ಕೊಂಡುಕೊಂಡಿತು. ಆಗ ಕುಲಪತಿಗಳಾಗಿದ್ದವರು ಕುವೆಂಪು. ಅದನ್ನು ಒಳಗೊಂಡ ಆವರಣಕ್ಕೆ ಮಾನಸಗಂಗೋತ್ರಿ ಎಂಬ ಹೆಸರು ಅವರದೇ. ರಾಜಕುಮಾರಿಯ ಅರಮನೆಯಲ್ಲಿ ಈಗ ಇರುವುದು ಜಾನಪದ ವಸ್ತುಸಂಗ್ರಹಾಲಯ. ಅಲ್ಲಿ ನೇಗಿಲು, ಬೀಸುವ ಕಲ್ಲು, ಮೊರ, ಗೂಡೆಗಳನ್ನು ಜೋಪಾನವಾಗಿ ಇಟ್ಟಿದ್ದಾರೆ. ನಮ್ಮ ಹಿತ್ತಿಲಲ್ಲಿ ಬಿದ್ದಿರುವ ಸಾಮಾನುಗಳೇ ಅರಮನೆಯನ್ನು ಸೇರಿರುವುದನ್ನು ನೋಡಿ ನನಗೆ ನಗುವೂ ಬಂತು, ಸಂತೋಷವೂ ಆಯಿತು.

ಬೆಂಗಳೂರಿನ ವಿಜ್ಞಾನ ಮಂದಿರದ ವಿಷಯವನ್ನು ಸ್ವಲ್ಪ ವಿವರವಾಗಿ ಹೇಳಬೇಕು. 1909ರಲ್ಲಿ ಹುಟ್ಟಿದ ಈ ಸಂಸ್ಥೆಗೆ ಮೈಸೂರು ಸಂಸ್ಥಾನವು 371 ಎಕರೆ ನೆಲವನ್ನು ಕೊಟ್ಟಿತು. 1911ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರು ಅಸ್ತಿಭಾರ ಹಾಕಿದ ಮುಖ್ಯ ಕಟ್ಟಡ ಬೂದುಬಣ್ಣದ ಕಗ್ಗಲ್ಲಿನದು. ಅದರ ಗೋಪುರವನ್ನು ಚಿತ್ರಗಳಲ್ಲಿ ಎಲ್ಲರೂ ನೋಡಿರುತ್ತಾರೆ. ಆದರೆ ನನಗೆ ಹೆಚ್ಚು ಹಿಡಿಸಿದ್ದು ಅದರ ಹಿಂದೆ ಮರಗಳ ನಡುವೆ ಅಡಗಿರುವ, ಗೋಪುರವಿಲ್ಲದ ಕಟ್ಟಡಗಳು. ಅವುಗಳಲ್ಲಿ ಹಲವನ್ನು ರಚಿಸಿದವರು ಆಟೋ ಕ್ಯೋನಿಗ್ಸ್‌ಬರ್ಗರ್. ಬರ್ಲಿನ್ನಿನಲ್ಲಿ 1908ರಲ್ಲಿ ಹುಟ್ಟಿದ ಯಹೂದಿ. ಹಿಟ್ಲರನ ಜರ್ಮನಿಯನ್ನು ಬಿಟ್ಟು ಓಡಬೇಕಾಗಿ ಬಂದವರು. 1939ರಲ್ಲಿ, ಮಿರ್ಜಾ ಇಸ್ಮಾಯಿಲ್‌ರವರು ದಿವಾನರಾಗಿದ್ದಾಗ, ಮೈಸೂರು ಸರ್ಕಾರದ ವಾಸ್ತುಶಿಲ್ಪಿಯಾದರು. ಸ್ವಂತ ದೇಶದಲ್ಲಿ ನಿಲ್ಲಲು ನೆಲೆಯಿಲ್ಲದವರು ನಮ್ಮ ನೆಲದ ಗಾಳಿ ಯಾವ ಕಡೆಯಿಂದ ಬೀಸುತ್ತದೆ, ನೆರಳು ಯಾವ ಹೊತ್ತಿಗೆ ಎಲ್ಲಿ ಬೀಳುತ್ತದೆ ಎಂಬುದನ್ನು ಇಷ್ಟು ಶ್ರದ್ಧೆಯಿಂದ ಕಲಿತರಲ್ಲ ಎಂದು ಆಶ್ಚರ್ಯವಾಗುತ್ತದೆ. ಅವರ ತತ್ತ್ವ ಬಹು ಸರಳ. ಬಿಸಿನಾಡಿನ ಕಟ್ಟಡ ಉದ್ದವಾಗಿ, ತೆಳುವಾಗಿ ಇರಬೇಕು. ಕೊಠಡಿಗಳದು ಒಂದೇ ಸಾಲು. ಎರಡು ಕಡೆಯಿಂದಲೂ ಗಾಳಿ ಹಾಯಬೇಕು. ಗೋಡೆಯ ಮೇಲೆ ನೆರಳಿರಬೇಕು. ಮುಂದೆ ಲಂಡನ್ನಿಗೆ ಹೋಗಿ ಈ ವಿಷಯವನ್ನೇ ಪಾಠ ಹೇಳಿದರು. ಇತರರೊಡನೆ ಸೇರಿ ಅವರು 1970ರ ದಶಕದಲ್ಲಿ ಪ್ರಕಟಿಸಿದ, ಉಷ್ಣವಲಯದ ಕಟ್ಟಡಗಳನ್ನು ಕುರಿತ ಗ್ರಂಥವನ್ನು ವಾಸ್ತುಶಿಲ್ಪದ ವಿದ್ಯಾರ್ಥಿಗಳು ಇಂದಿಗೂ ಓದುತ್ತಾರೆ. ಒಂದೇ ಸಾಲಿನ ಕೊಠಡಿ, ಮುಂದೆ ನೆರಳು: ನಮ್ಮ ಹಳೆಯ ಕಟ್ಟಡದ ಮೇಸ್ತ್ರಿ ಕಟ್ಟಿದ್ದೂ ಇದನ್ನೇ.

ಬನ್ನೇರುಘಟ್ಟದ ರಸ್ತೆಯಲ್ಲಿರುವ ಮ್ಯಾನೇಜ್‌ಮೆಂಟ್ ಸಂಸ್ಥೆಯನ್ನು ಚಲನಚಿತ್ರದಲ್ಲಿ ನೋಡದವರಿಲ್ಲ; 2009ರ ‘ತ್ರೀ ಈಡಿಯಟ್ಸ್’ ಚಿತ್ರದ ಕಾಲೇಜು ಅದೇ. ಅದನ್ನು ರಚಿಸಿದವರು ಬಾಲಕೃಷ್ಣ ದೋಶಿ. ಮೊದಲು ಲ ಕಾರ್ಬುಸಿಯೆಯ ಬಳಿ ಕೆಲಸ ಕಲಿತು, ಅಹಮದಾಬಾದಿನ ಸಂಸ್ಥೆಯನ್ನು ಕಟ್ಟುವಾಗ ಲೂಯಿ ಕಾನ್‌ನ ಜೊತೆಗಿದ್ದು, 2018ರಲ್ಲಿ ಪ್ರಿಟ್ಸ್‌ಕರ್ ಪ್ರಶಸ್ತಿಯನ್ನು ಪಡೆದರು. ಆ ಪ್ರಶಸ್ತಿ ಪಡೆದ ಮೊದಲ ಭಾರತೀಯರು ಅವರೇ. 2023ರಲ್ಲಿ ತೀರಿಕೊಂಡರು. ಬೆಂಗಳೂರಿನ ಕಟ್ಟಡಕ್ಕೆ ಅವರು ಫತೇಪುರ್ ಸಿಕ್ರಿಯ ಅಂಗಳಗಳನ್ನು ಮನಸ್ಸಿನಲ್ಲಿಟ್ಟುಕೊಂಡಿದ್ದರು. ಗೋಡೆಗಳು ಒರಟು ಕಗ್ಗಲ್ಲಿನವು. ಅಲ್ಲಿ ಕೊಠಡಿಗಳಿಗಿಂತ ಅವುಗಳ ನಡುವಿನ ದಾರಿಗಳೇ ಮುಖ್ಯ: ಎತ್ತರವಾದ ಪಡಸಾಲೆಗಳು, ಕೆಲವೆಡೆ ಮುಚ್ಚಿದವು, ಕೆಲವೆಡೆ ಮೇಲೆ ತೊಲೆಗಳು ಮಾತ್ರ, ನಡುವೆ ಬಳ್ಳಿ ಹಬ್ಬಿ ನೆರಳು ಬೆಳಕು ನೆಲದ ಮೇಲೆ ಪಟ್ಟೆ ಎಳೆಯುತ್ತವೆ. ಪಾಠ ಕೊಠಡಿಯಲ್ಲಿ ಮುಗಿಯುವುದಿಲ್ಲ, ಹೊರಗೆ ಬಂದು ನಿಂತು ಮಾತನಾಡುವಾಗಲೂ ನಡೆಯುತ್ತದೆ ಎಂಬುದು ದೋಶಿಯವರ ಅಭಿಪ್ರಾಯ. ಅಂಥ ದೊಡ್ಡ ಸಂಸ್ಥೆಯ ವಿದ್ಯಾರ್ಥಿಗಳಿಗೆ ನಿಂತು ಮಾತನಾಡುವ ಸ್ಥಳ ಬೇಕಾದರೆ, ನಮಗೆ ಬೇಡವೆ?

ಈಗ ನಮ್ಮ ಕಾಲೇಜಿನ ಮಾತಿಗೆ ಬರುತ್ತೇನೆ. ನಮ್ಮ ಹೊಸ ಬ್ಲಾಕನ್ನು ಎಲ್ಲರೂ ಬಲ್ಲರಷ್ಟೆ. ನಡುವೆ 6 ಅಡಿ ಅಗಲದ ಓಣಿ, ಎರಡು ಕಡೆಯೂ ಕೊಠಡಿ. ಓಣಿಯಲ್ಲಿ ನಡುಹಗಲಿನಲ್ಲೂ ದೀಪ ಬೇಕು. ವಿದ್ಯುತ್ತು ಹೋದರೆ ಸೂಚನಾ ಫಲಕ ಓದಲಾಗುವುದಿಲ್ಲ. ಗಾಳಿ ಒಂದು ಕಡೆಯಿಂದ ಬಂದು ಒಳಗೇ ನಿಲ್ಲುತ್ತದೆ. ಇದಕ್ಕೆ ಯಾರನ್ನೂ ದೂರಬೇಕಾಗಿಲ್ಲ. ಒಂದು ಓಣಿಯಿಂದ ಎರಡು ಸಾಲಿಗೆ ದಾರಿಯಾಗುತ್ತದೆ, ಖರ್ಚು ಉಳಿಯುತ್ತದೆ. ಆದರೆ ಆ ಓಣಿಯಲ್ಲಿ ಯಾರೂ ನಿಲ್ಲುವುದಿಲ್ಲ ಎಂಬುದನ್ನು ನೀವೇ ಗಮನಿಸಿರಬಹುದು. ಗಂಟೆ ಹೊಡೆದೊಡನೆ ಹೊಸ ಬ್ಲಾಕಿನವರೂ ಹಳೆಯ ಪಡಸಾಲೆಗೇ ಬರುತ್ತಾರೆ.

ನಾನು ಒಂದು ವಾರ ಬೆಳಿಗ್ಗೆ ಅಲ್ಲಿ ಕುಳಿತು ಎಣಿಸಿದೆ. ತರಗತಿ ಪ್ರಾರಂಭವಾಗುವುದು ಹತ್ತಕ್ಕೆ. ಎಂಟೂವರೆಗೆ ಅಲ್ಲಿ ದಿನವೂ ನಲವತ್ತಕ್ಕೆ ಕಡಿಮೆಯಿಲ್ಲದಷ್ಟು ಹುಡುಗಿಯರು ಇರುತ್ತಾರೆ. 2023ರ ಜೂನಿನಲ್ಲಿ ಸರ್ಕಾರಿ ಬಸ್ಸುಗಳಲ್ಲಿ ಹೆಂಗಸರಿಗೆ ಉಚಿತ ಪ್ರಯಾಣ ಬಂದ ಮೇಲೆ ದೂರದ ಹಳ್ಳಿಗಳವರೂ ಸೇರಿದ್ದಾರೆ. ಆದರೆ ಹಳ್ಳಿಯಿಂದ ಬಸ್ಸು ಬೆಳಿಗ್ಗೆ ಒಂದೇ. ಹುಡುಗರಾದರೆ ಬಸ್ ನಿಲ್ದಾಣದ ಕಟ್ಟೆಯಲ್ಲೋ ಹೋಟೆಲಿನಲ್ಲೋ ಹೊತ್ತು ಕಳೆಯಬಹುದು. ಹುಡುಗಿಯೊಬ್ಬಳು ಈ ಊರಿನಲ್ಲಿ ಒಂದೂವರೆ ಗಂಟೆ, ಯಾಕೆ ಕುಳಿತೆ ಎಂದು ಯಾರಿಂದಲೂ ಕೇಳಿಸಿಕೊಳ್ಳದೆ ಕೂರಬಹುದಾದ ಸ್ಥಳ ಇನ್ನೊಂದಿದ್ದರೆ ತೋರಿಸಿರಿ. ಅಲ್ಲಿಯೇ ನೋಟ್ಸು ಬರೆದುಕೊಳ್ಳುತ್ತೇವೆ. ಮಧ್ಯಾಹ್ನದ ಬುತ್ತಿ ಅಲ್ಲಿಯೇ. ಷೇಕ್ಸ್‌ಪಿಯರನ ನಾಟಕ ತರಗತಿಯಲ್ಲಿ ಅರ್ಥವಾಗದೆ, ಎರಡನೆಯ ಕಂಬದ ಬಳಿ ಕುಳಿತ ಗೆಳತಿಯೊಬ್ಬಳು ನಮ್ಮ ಮಾತಿನಲ್ಲಿ ಹೇಳಿದಾಗ ಅರ್ಥವಾದದ್ದು ನನಗೆ ನೆನಪಿದೆ. ನಮ್ಮ ಮನೆಯಲ್ಲಿ ಓದುವುದಕ್ಕೆ ಬೇರೆ ಕೋಣೆಯಿಲ್ಲ. ನನ್ನ ಬಿ.ಎ. ಪದವಿಯ ಅರ್ಧದಷ್ಟನ್ನು ನಾನು ಓದಿರುವುದು ಆ 9 ಅಡಿ ಅಗಲದಲ್ಲೇ.

ಕೊಠಡಿಗಳ ಕೊರತೆ ಸುಳ್ಳಲ್ಲ. ವಾಣಿಜ್ಯ ವಿಭಾಗದ ಮೊದಲ ವರ್ಷದವರು ಗೋಡೆಗೆ ಒರಗಿ ನಿಂತು ಪಾಠ ಕೇಳುವುದನ್ನು ನಾನು ನೋಡಿದ್ದೇನೆ. ಅವರ ಕಷ್ಟವನ್ನು ಕಡೆಗಣಿಸಿ ಮಾತನಾಡಬಾರದು. ಆದರೆ ಪಡಸಾಲೆಯನ್ನು ಮುಚ್ಚಿದರೆ ಸಿಕ್ಕುವುದೇನು? 9 ಅಡಿಗೆ 24 ಅಡಿಯ ನಾಲ್ಕು ಕೊಠಡಿಗಳು. ನಮ್ಮ ಬೆಂಚಿನ ಉದ್ದ 6 ಅಡಿ. ಹೊಸ ಗೋಡೆಯ ದಪ್ಪ ಕಳೆದು, ಒಂದು ಸಾಲು ಬೆಂಚು ಹಾಕಿ, ಓಡಾಡಲು ಎರಡಡಿ ಬಿಟ್ಟರೆ ಮುಗಿಯಿತು. ಅಂಥ ಕೊಠಡಿಯಲ್ಲಿ ಇಪ್ಪತ್ತೈದು ಜನರೂ ಸರಿಯಾಗಿ ಕೂರಲಾರರು. ಹಿಂದಿರುವ ನಾಲ್ಕು ಒಳ್ಳೆಯ ಕೊಠಡಿಗಳ ದಕ್ಷಿಣದ ಕಿಟಕಿಗಳು ಕತ್ತಲಾಗುತ್ತವೆ. ಅವುಗಳಿಗೆ ಹೋಗುವ ದಾರಿಯೂ ಇನ್ನೊಬ್ಬರ ತರಗತಿಯ ಮೂಲಕವೇ ಆಗುತ್ತದೆ.

ಇನ್ನೂ ಒಂದು ಭಯವಿದೆ. ಹೊಸ ಗೋಡೆ ಎಬ್ಬಿಸುವವರು ಹಳೆಯ ಗೋಡೆಗೂ ಸಿಮೆಂಟು ಬಳಿಯದೆ ಬಿಡುವುದಿಲ್ಲ. ಅಪ್ಪನನ್ನು ಒಂದು ಭಾನುವಾರ ಕರೆದುಕೊಂಡು ಬಂದು ತೋರಿಸಿದೆ. ಅವನು ಬುಡದಿಂದ ತಾರಸಿಯವರೆಗೆ ನೋಡಿ, “ಸುಣ್ಣದ ಗ್ವಾಡೆ ಉಸುರಾಡ್ತದೆ ಕಣವ್ವ. ಇದರ ಮ್ಯಾಲೆ ಸಿಮೆಂಟ್ ಬಳುದ್ರೆ ಮೂಗು ಮುಚ್ಚುದಂಗೆ. ಒಳಗಿನ ತ್ಯಾವ ಎತ್ಲಾಗ್ ಹೋದಾತು?” ಎಂದ. ಒಳಗೆ ನಿಂತ ತೇವ ತೊಲೆಯ ತುದಿಗೆ ಹತ್ತುತ್ತದೆ, ಉಪ್ಪು ಮೇಲೆದ್ದು ಗಾರೆ ಪುಡಿಯಾಗುತ್ತದೆ. ಹೊರಗೆ ನೋಡಿದರೆ ಗೋಡೆ ನುಣ್ಣಗೆ ಕಾಣುತ್ತಿರುತ್ತದೆ. ನೂರು ವರ್ಷ ದಾಟಿದ ಕಟ್ಟಡವಾದ ಮೈಸೂರಿನ ಮಹಾರಾಣಿ ವಿಜ್ಞಾನ ಕಾಲೇಜಿನ ಒಂದು ಭಾಗ 2022ರ ಅಕ್ಟೋಬರಿನಲ್ಲಿ, ಮಳೆಯ ದಿನಗಳಲ್ಲಿ, ಕುಸಿದುಬಿದ್ದುದನ್ನು ಪತ್ರಿಕೆಗಳಲ್ಲಿ ಓದಿದ್ದೇವೆ. ಹಳೆಯ ಕಟ್ಟಡ ಬಿತ್ತೆಂದರೆ ಹಳತಾದ್ದರಿಂದ ಬಿತ್ತು ಎಂದು ಜನ ಹೇಳುತ್ತಾರೆ. ಅಪ್ಪನ ಪ್ರಕಾರ ಸುಣ್ಣದ ಕಟ್ಟಡಕ್ಕೆ ವಯಸ್ಸಿಗಿಂತ ದೊಡ್ಡ ಶತ್ರು ನೀರು. ತಾರಸಿಯ ಮೇಲೆ ಮೊಳೆತ ಅರಳಿ ಗಿಡವನ್ನು ಕೀಳುವುದು, ನೀರು ಹೋಗುವ ದೋಣಿಯಿಂದ ತರಗೆಲೆ ತೆಗೆಯುವುದು, ಬಿರುಕಿಗೆ ಸುಣ್ಣದ ಗಾರೆಯನ್ನೇ ತುಂಬುವುದು: ಇಷ್ಟನ್ನು ಪ್ರತಿ ವರ್ಷ ಮಳೆಗಾಲಕ್ಕೆ ಮುಂಚೆ ಮಾಡಿದರೆ ನಮ್ಮ ಕಟ್ಟಡ ಇನ್ನೂ ಎರಡು ತಲೆಮಾರು ನಿಲ್ಲುತ್ತದೆ ಎಂಬುದು ಅವನ ಅಂದಾಜು. ನಮ್ಮ ತಾರಸಿಯ ನೈಋತ್ಯ ಮೂಲೆಯಲ್ಲಿ ಈಗ ಮೂರು ಅರಳಿ ಗಿಡಗಳಿವೆ. ಒಂದು ನನ್ನ ಎತ್ತರಕ್ಕಿದೆ.

ಪ್ರಾಂಶುಪಾಲರಲ್ಲಿಯೂ ಅಧ್ಯಾಪಕವರ್ಗದಲ್ಲಿಯೂ ನನ್ನದೊಂದು ವಿಜ್ಞಾಪನೆ. ಹಳೆಯ ಕಟ್ಟಡದ ಪೂರ್ವದ ತುದಿಯಲ್ಲಿ ಮುರಿದ ಬೆಂಚು, ಹಳೆಯ ಉತ್ತರಪತ್ರಿಕೆ, ಕೆಟ್ಟ ಕಂಪ್ಯೂಟರುಗಳನ್ನು ತುಂಬಿ ಬೀಗ ಹಾಕಿರುವ ಎರಡು ಕೊಠಡಿಗಳಿವೆ. ಕಿಟಕಿಯಿಂದ ಅಳೆದಷ್ಟರಲ್ಲಿ ಒಂದೊಂದೂ 20 ಅಡಿಗೆ 24 ಅಡಿ. ಅವನ್ನು ತೆರವು ಮಾಡಿದರೆ ಪಡಸಾಲೆಯ ನಾಲ್ಕು ಕೊಠಡಿಗಳಷ್ಟು ಜನ ಆ ಎರಡರಲ್ಲೇ ಕೂರಬಹುದು. ಸಾಮಾನು ಸಾಗಿಸಲು ನಮ್ಮ ತರಗತಿಯವರು ಒಂದು ಭಾನುವಾರ ಬರಲು ಒಪ್ಪಿದ್ದಾರೆ. ಗಿಡಗಳನ್ನು ಬೇರುಸಹಿತ ತೆಗೆದು ಸುಣ್ಣ ತುಂಬುವ ಕೆಲಸವನ್ನು ಅಪ್ಪ ಕೂಲಿಯಿಲ್ಲದೆ ಮಾಡಿಕೊಡುತ್ತೇನೆಂದಿದ್ದಾನೆ. ಸಾಮಗ್ರಿ ಮಾತ್ರ ಕಾಲೇಜಿನದು. ಪಡಸಾಲೆಯ ಅಳತೆಗಳನ್ನೂ ಬಿಸಿಲಿನ ಲೆಕ್ಕವನ್ನೂ ಒಂದು ನಕ್ಷೆಯಲ್ಲಿ ಬರೆದು ಇತಿಹಾಸ ವಿಭಾಗದಲ್ಲಿ ಇಟ್ಟಿದ್ದೇನೆ. ಬೇಕಾದವರು ನೋಡಬಹುದು, ಅಳತೆಯಲ್ಲಿ ಸಂದೇಹವಿದ್ದವರಿಗೆ ಟೇಪೂ ಅಲ್ಲಿಯೇ ಇದೆ.